ಸಿಲಿಂಡರಿಗೆ ವಿಭೂತಿ ಮಾತ್ರ

ಮೂಡಲಗಿಯ ಚಹಾದಂಗಡಿಗಳಲ್ಲಿ ಮಾಯಪ್ಪನನ್ನು ಇಂದಿಗೂ ‘ಸಿಲಿಂಡರ್ ಕಳ್ಳ’ ಎಂದೇ ಗುರುತಿಸುತ್ತಾರೆ. ನ್ಯಾಯಾಲಯವು ಅವನನ್ನು ಖುಲಾಸೆ ಮಾಡಿತು, ಊರು ಮಾಡಲಿಲ್ಲ. ಗೋಕಾಕದ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಆರೋಪವೆಂಬುದು ಬೇರೆ, ನಡೆದದ್ದು ಬೇರೆ ಎಂಬುದನ್ನು ಸೇವೆಯುದ್ದಕ್ಕೂ ಕಂಡಿದ್ದೇನೆ. ಸುಳ್ಳನ್ನು ದಿನಾಲೂ ಸಕ್ಕರೆ ಹಾಕಿ ಕಲಕಿ ಕುಡಿಯುವ ಈ ಊರಿನ ನಡುವೆ ಸುಮ್ಮನೆ ಕುಳಿತಿರುವುದು ಇನ್ನು ನನ್ನಿಂದ ಆಗದು. ಆದ್ದರಿಂದ ಮಾಯಪ್ಪನ ಬದುಕನ್ನು ತಿಳಿದಷ್ಟು ಬರೆಯುತ್ತೇನೆ. ಕಣ್ಣಾರೆ ಕಂಡದ್ದನ್ನು ಕಂಡೆನೆಂದೇ ಹೇಳುತ್ತೇನೆ. ಕೇಳಿದ್ದನ್ನು ಯಾರಿಂದ ಕೇಳಿದೆನೆಂದು ಹೇಳುತ್ತೇನೆ.

ಮಾಯಪ್ಪ ನಾಗನೂರಿನ ಕುರುಬರ ಮನೆತನದವನು. ಅವನ ತಂದೆಯ ಕುರಿಹಿಂಡು ಸುಗ್ಗಿ ಮುಗಿದ ಮೇಲೆ ಕಲ್ಲೋಳಿಯ ಅಕ್ಕವ್ವನ ಹೊಲದಲ್ಲಿ ಗೊಬ್ಬರಕ್ಕಾಗಿ ತಂಗುತ್ತಿತ್ತು. ಹಿಂಡಿನವರಿಗೆ ಕಾಳು ಅಳೆದು ಕೊಡುವ ಮೊದಲು ಅಕ್ಕವ್ವ ಕುರುಬರ ಮಕ್ಕಳಿಗೆ ರೊಟ್ಟಿ ಕೊಡುತ್ತಿದ್ದಳು. ಅವಳ ಮಗ ಮಹೇಶ ಮಾಯಪ್ಪನಿಗಿಂತ ಸ್ವಲ್ಪ ಚಿಕ್ಕವನು. ಒಂದು ವರ್ಷ ಅವನು ಬೀಸಿದ ಕವಣೆಯ ಕಲ್ಲು ತಗಲಿ ಮಾಯಪ್ಪನ ಮುಂದಿನ ಹಲ್ಲೊಂದು ಉದುರಿತು. ಅಕ್ಕವ್ವ ಮಗನನ್ನು ಅದೇ ಕವಣೆಯ ಹಗ್ಗದಿಂದ ರಕ್ತ ಬರುವಂತೆ ಬಾರಿಸಿದಳೆಂದು ಮಹೇಶನೇ ನನಗೆ ಹೇಳಿದ್ದಾನೆ. ದೊಡ್ಡವರಾದ ಮೇಲೂ ಇಬ್ಬರು ಎದುರಾದಾಗಲೆಲ್ಲ ಮಾಯಪ್ಪ ಕೇಳುತ್ತಿದ್ದ: “ನನ್ನ ಹಲ್ಲು ನಿಮ್ಮ ಹೊಲದಾಗ ಬಿತ್ತೇನಿ. ಬೆಳಿ ಬಂತೇನೋ?”

“ಬಂದೈತಿ. ಬಾಯಿ ತಗಿ, ಇನ್ನೊಂದು ಬೀಜ ಬೇಕಾಗೈತಿ,” ಎಂದು ಮಹೇಶ ನಗುತ್ತಿದ್ದ.

ತಂದೆ ತೀರಿದ ಮೇಲೆ ಹಿಂಡು ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಯಿತು. ಮಾಯಪ್ಪ ಮೂಡಲಗಿಗೆ ಬಂದು ನನ್ನ ಮನೆಯ ಬಾಜೂಕ್ಕಿರುವ ಬಾಳೇಶನ ಕಾರ್ಖಾನೆಯನ್ನು ಸೇರಿದ. ಅಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಗೆ ಟ್ರೇಲರ್ ತಯಾರಾಗುತ್ತವೆ. ದಪ್ಪ ಉಕ್ಕಿನ ಹಾಳೆಗಳನ್ನು ಬೆಂಕಿಯ ನಾಲಗೆಯಿಂದ ಕತ್ತರಿಸುವುದು ಮಾಯಪ್ಪನ ಕೆಲಸ. ಆ ಬೆಂಕಿಗೆ ಆಮ್ಲಜನಕದ ಸಿಲಿಂಡರ್ ಬೇಕು.

ಆ ಕಾರ್ಖಾನೆಯ ಒಂದು ನಿಯಮವನ್ನು ಓದುಗರು ಗಮನದಲ್ಲಿಡಬೇಕು. ಬಾಳೇಶನ ತಂದೆಯ ಕಾಲದಲ್ಲಿ ಯಲ್ಲಾರಿ ಎಂಬ ಕೆಲಸಗಾರನಿದ್ದ. ಗಾಲಿಯ ಅಚ್ಚಿಗೆ ಗ್ರೀಸ್ ಹಚ್ಚಿದ ಕೈಯಲ್ಲೇ ಅವನು ಆಮ್ಲಜನಕದ ಸಿಲಿಂಡರಿನ ಬಾಯಿ ತೆರೆಯುವ ಚಾವಿಯನ್ನು ತಿರುವಿದ. ಒತ್ತಡದಲ್ಲಿರುವ ಆಮ್ಲಜನಕಕ್ಕೆ ಎಣ್ಣೆ, ಗ್ರೀಸ್ ತಗಲಿದರೆ ಕಿಡಿಯ ಅಗತ್ಯವೇ ಇಲ್ಲ; ತಾನಾಗಿ ಹೊತ್ತಿಕೊಳ್ಳುತ್ತದೆ. ಆ ದಿನ ನಾನು ರಜೆಯಲ್ಲಿ ಮನೆಗೆ ಬಂದಿದ್ದೆ. ಚೀರಾಟ ಕೇಳಿ ಓಡಿದವರಲ್ಲಿ ನಾನೂ ಒಬ್ಬ. ಯಲ್ಲಾರಿಯ ಮುಖದಲ್ಲಿ ಕಣ್ಣುಗಳಿದ್ದ ಜಾಗವನ್ನು ನಾನು ನೋಡಿದ್ದೇನೆ. ಅವನ ಮೇಲೆ ಮರಳು ಸುರಿಯುತ್ತಿದ್ದ ತರುಣ ಬಾಳೇಶನನ್ನೂ ನೋಡಿದ್ದೇನೆ.

ಅಂದಿನಿಂದ ಅಲ್ಲಿ ಸಿಲಿಂಡರ್ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆದು, ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು. ಆಯುಧಗಳ ಪೂಜೆಯಾದ ಖಂಡೇಪೂಜೆಯ ದಿನ ಉಳಿದ ಯಂತ್ರಗಳಿಗೆಲ್ಲ ಎಣ್ಣೆ ಸವರಿ ಕುಂಕುಮ ಹಚ್ಚುತ್ತಾರೆ. ಸಿಲಿಂಡರಿಗೆ ಒಣ ವಿಭೂತಿ ಮಾತ್ರ. ತಂದೆಯ ನಂತರ ಆ ವಿಭೂತಿಯನ್ನು ಬಾಳೇಶ ತಾನೇ ಹಚ್ಚುತ್ತ ಬಂದ.

ಎರಡು ಸಾವಿರದ ಇಪ್ಪತ್ತರಲ್ಲಿ ಮಹಾಮಾರಿ ಬಂದಿತು. ಅದಕ್ಕೆ ಮುಂಚೆ ಬಾಳೇಶನ ಕಾರ್ಖಾನೆಯಲ್ಲಿ ದಾಸ್ತಾನು ಎಂಬುದೇ ಇರಲಿಲ್ಲ. ಬೇಕಾದಾಗ ಕೊಲ್ಲಾಪುರದಿಂದ ಅಚ್ಚು, ಬೆಳಗಾವಿಯಿಂದ ಉಕ್ಕಿನ ಹಾಳೆ, ಹುಕ್ಕೇರಿಯ ವ್ಯಾಪಾರಿಯ ಉಗ್ರಾಣದಿಂದ ಸಿಲಿಂಡರ್ ಬರುತ್ತಿದ್ದವು. ಗಡಿ ಮುಚ್ಚಿತು. ಅಚ್ಚು ಹೊತ್ತ ಲಾರಿಗಳು ಗಡಿಯಾಚೆ ಬಿಸಿಲಲ್ಲಿ ನಿಂತವು. ವೆಲ್ಡಿಂಗ್ ಮಾಡುತ್ತಿದ್ದ ಉತ್ತರ ಭಾರತದ ಕೆಲಸಗಾರರು ಗಂಟು ಕಟ್ಟಿಕೊಂಡು ನಡೆದುಬಿಟ್ಟರು. ಗಾಲಿಯಿಲ್ಲದ ಟ್ರೇಲರುಗಳು ಅಂಗಳದಲ್ಲಿ ಸಾಲಾಗಿ ಕುಳಿತವು. ಕಬ್ಬಿನ ಹಂಗಾಮು ಮಾತ್ರ ಯಾರಿಗೂ ಕಾಯದೆ ಬಂದಿತು.

ಟ್ರೇಲರಿಗೆ ಹೇಳಿಟ್ಟಿದ್ದ ರೈತರು ಒಂದು ದಿನ ಗುಂಪಾಗಿ ಬಂದರು. ಮುಂದೆ ಮಹೇಶನಿದ್ದ. ನಾನು ಮಾಳಿಗೆಯ ಮೇಲಿನಿಂದ ನೋಡುತ್ತಿದ್ದೆ.

“ಯಾವಾಗ ಕೊಡ್ತಿ ಹೇಳ ಸಾವಕಾರ. ಕಬ್ಬ ಕಡದ ಹೊಲದಾಗ ಒಣಗಾಕತ್ತೈತಿ. ತಲಿ ಮ್ಯಾಲೆ ಹೊರಸ್ತೀಯೇನ?”

“ಅಚ್ಚ ಬಂದಿಲ್ಲಪಾ. ನಾ ಏನ್ ಹೊಟ್ಟ್ಯಾಗಿಂದ ತಗೀಲೇನ?” ಎಂದ ಬಾಳೇಶ.

“ಹೊಟ್ಟಿ ಐತೆಲ್ಲ, ತಗಿಯೂಣು!”

ಕುರ್ಚಿಗಳು ಮುರಿದವು, ಕಚೇರಿಯ ಗಾಜು ಪುಡಿಯಾಯಿತು. ಬಾಳೇಶನ ತಲೆಗೆ ಬರುತ್ತಿದ್ದ ಕಬ್ಬಿಣದ ಪಟ್ಟಿಗೆ ಮಾಯಪ್ಪ ತನ್ನ ಭುಜವನ್ನು ಒಡ್ಡಿದ. ಎಲುಬು ಸೀಳಿದ ಸದ್ದು ಮಾಳಿಗೆಯವರೆಗೂ ಕೇಳಿಸಿತು. ಈ ಏಟನ್ನು ಬಾಳೇಶ ಮುಂದೆ ಎಲ್ಲಿಯೂ ನೆನೆಯಲಿಲ್ಲ. ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಬಾಳೇಶ ಕಲಿತ ಪಾಠವೇ ಬೇರೆ. ಮರುವರ್ಷದ ಹೊತ್ತಿಗೆ ಅವನು ಎಲ್ಲವನ್ನೂ ಮೊದಲೇ ತರಿಸಿ ಕೂಡಿಡುವವನಾಗಿದ್ದ. ಅಚ್ಚು, ಟೈರು, ಹಾಳೆ ಎಲ್ಲವೂ ಅಟ್ಟಕ್ಕೆ ಮುಟ್ಟುವಂತೆ ತುಂಬಿದವು. ಗೇಟಿಗೆ ಕಾವಲುಗಾರ ಬಂದ. “ಕೈಯಾಗ ಮಾಲ ಇದ್ದಾವನ ಮನಷ್ಯಾ ಕಾಕಾ,” ಎಂದು ನನಗೇ ಹೇಳಿದ್ದ. ಇದರಲ್ಲಿ ತಪ್ಪಿಲ್ಲ. ಒದೆ ತಿಂದ ಉದ್ಯಮಿ ಎಚ್ಚರಗೊಳ್ಳುವುದು ಸಹಜ. ಆದರೆ ಅವನು ತುಂಬಿಸಿಟ್ಟದ್ದರಲ್ಲಿ ಆಮ್ಲಜನಕದ ಸಿಲಿಂಡರುಗಳೂ ಇದ್ದವು.

ಇಪ್ಪತ್ತೊಂದರ ಎಪ್ರಿಲ್ ಕೊನೆಗೆ ಎರಡನೆಯ ಅಲೆ ಉಸಿರನ್ನೇ ಹಿಡಿಯಿತು. ಸರ್ಕಾರವು ಕಾರ್ಖಾನೆಗಳ ಆಮ್ಲಜನಕವನ್ನು ಆಸ್ಪತ್ರೆಗಳಿಗೆ ತಿರುಗಿಸಿತು. ತುಂಬಿದ ಸಿಲಿಂಡರುಗಳಿದ್ದರೆ ಒಪ್ಪಿಸಬೇಕೆಂದು ಧ್ವನಿವರ್ಧಕ ಕಟ್ಟಿದ ಜೀಪು ನಮ್ಮ ಬೀದಿಯಲ್ಲೂ ಕೂಗಿಕೊಂಡು ಹೋಯಿತು. ಜೀಪು ತಿರುವು ದಾಟುವ ಮೊದಲೇ ಬಾಳೇಶ ಕೆಲಸಗಾರರಿಂದ ಸಿಲಿಂಡರುಗಳನ್ನು ಹಿತ್ತಲಲ್ಲಿ ಮಲಗಿಸಿ, ಅವುಗಳ ಮೇಲೆ ಟ್ರೇಲರಿನ ತೊಟ್ಟಿಗಳನ್ನು ಬೋರಲು ಹಾಕಿಸಿದ. ಹಾಕಿದವರಲ್ಲಿ ಮಾಯಪ್ಪನೂ ಇದ್ದ.

ಅದೇ ವಾರ ಅಕ್ಕವ್ವ ಮಲಗಿದಳು. ಗೋಕಾಕದಲ್ಲಿ ಹಾಸಿಗೆ ಸಿಗದೆ ಮಹೇಶ ತಾಯಿಯನ್ನು ಮನೆಗೆ ಮರಳಿ ತಂದ. ಉಸಿರಿಗೆ ಮುಖವಾಡ, ಆಮ್ಲಜನಕವನ್ನು ಅಳೆದು ಬಿಡುವ ರೆಗ್ಯುಲೇಟರ್ ಎರಡನ್ನೂ ಹೇಗೋ ಸಂಪಾದಿಸಿದ. ಸಿಲಿಂಡರ್ ಮಾತ್ರ ಇರಲಿಲ್ಲ. ಹುಕ್ಕೇರಿಯ ಉಗ್ರಾಣದ ಮುಂದೆ ಆ ದಿನ ನೂಕುನುಗ್ಗಲು ಹೊಡೆದಾಟವಾಯಿತು. ಒಂದು ಸಿಲಿಂಡರನ್ನು ಎರಡು ಕುಟುಂಬಗಳು ಹಿಡಿದೆಳೆದಾಡಿ, ಅದು ಒಬ್ಬನ ಪಾದದ ಮೇಲೆ ಬಿದ್ದು ಪಾದ ಚಪ್ಪಟೆಯಾಯಿತು. ಲಾಠಿ ಬೀಸಿದರು. ಮಹೇಶ ಒಡೆದ ತಲೆ, ಬರಿಗೈ ಹೊತ್ತು ಹಿಂದಿರುಗಿ ನೇರವಾಗಿ ಬಾಳೇಶನ ಗೇಟಿಗೆ ಬಂದ. ಕೆನ್ನೆಯ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಇಷ್ಟನ್ನೂ ಮಹೇಶನೇ ನನಗೆ ಹೇಳಿದ್ದಾನೆ. ಗೇಟಿಗೆ ಬಂದ ಮೇಲೆ ನಡೆದದ್ದನ್ನು ನಾನೇ ಕಂಡಿದ್ದೇನೆ.

“ಸಾವಕಾರ್ರ, ಹಳೇದ ಮರೀರಿ. ಕಾಲ ಹಿಡಕೋತೇನಿ. ನಮ್ಮವ್ವಗ ಒಂದ ಕೊಡ್ರಿ.”

“ಒಂದೂ ಇಲ್ಲೋ ಮಹೇಶಾ. ಸರ್ಕಾರದವರು ಒಯ್ದರು.”

ಮಹೇಶ ಮಾಯಪ್ಪನ ಮುಖ ನೋಡಿದ. “ಮಾಯಣ್ಣಾ, ಖರೆ ಏನ?”

ಮಾಯಪ್ಪ ನೆಲ ನೋಡಿದ. ಮಹೇಶ ಹೊರಟುಹೋದ.

ಆ ಸಂಜೆ ಮಾಯಪ್ಪ ಊಟಕ್ಕೆ ಕೂಡ್ರಲಿಲ್ಲವೆಂದು ಅವನ ಹೆಂಡತಿ ಸುವರ್ಣಾ ನನಗೆ ಹೇಳಿದಳು.

“ಏನಾತ್ರಿ? ರೊಟ್ಟಿ ಆರಾಕತ್ತೈತಿ.”

“ಆ ರೊಟ್ಟಿ ನೋಡಿದ್ರ ಅಕ್ಕವ್ವ ಕಾಣಾಕತ್ತಾಳ.”

“ಹಂಗಾರ ಹೋಗಿ ಸಾವಕಾರಗ ಹೇಳ್ರಿ. ಹೊಡೀತಾನೇನ? ಹೊಡೀಲಿ. ನಿಮ್ಮ ಭುಜಾ ಆತಗ ಹೊಸಾದೇನಲ್ಲ.”

ಬೆಳಗ್ಗೆ ಮಾಯಪ್ಪ ಕೇಳಿದ. ಬಾಳೇಶ ಹೊಡೆದ. ಅಳತೆಯ ಕಬ್ಬಿಣದ ಪಟ್ಟಿಯಿಂದ ಮುಖದ ಮೇಲೆಯೇ ಹೊಡೆದ. “ಹಾದೀಲೆ ಹೋಗಾವರ ಅವ್ವಗೋಳಿಗೆಲ್ಲ ಹಂಚಾಕ ಇಟ್ಟೇನೇನಲೇ? ಇವು ಹ್ವಾದ್ರ ಈ ಹಂಗಾಮನೂ ಹೋತು!” ತುಟಿಯಿಂದ ರಕ್ತ ಸುರಿಯುತ್ತಿದ್ದ ಮಾಯಪ್ಪ ನನ್ನ ಗೋಡೆಯ ಪಕ್ಕಕ್ಕೆ ಬಂದು ಮಹೇಶನಿಗೆ ದೂರವಾಣಿ ಮಾಡಿದ. “ಬಾ. ಐತಿ. ಬೋರಲ ಹಾಕಿದ ತೊಟ್ಟಿ ಕೆಳಗ,” ಎಂದಷ್ಟೇ ಹೇಳಿದ್ದನ್ನು ನಾನು ಕೇಳಿದೆ. ಅನಂತರ ಹೋಗಿ ಗೇಟಿನ ಅಗಳಿಯನ್ನು ತೆಗೆದಿಟ್ಟ. ಕಳ್ಳತನವೆಂದು ಕರೆಯಲ್ಪಟ್ಟ ಅವನ ಕೃತ್ಯ ಇಷ್ಟೇ.

ಮಹೇಶ ತನ್ನ ಚಿಕ್ಕಪ್ಪನ ಮಗ ಪರಪ್ಪನನ್ನೂ ಮತ್ತೆ ಕೆಲವರನ್ನೂ ಟ್ರ್ಯಾಕ್ಟರಿನಲ್ಲಿ ಕೂಡ್ರಿಸಿಕೊಂಡು ಬಂದ. ಗೇಟು ತೆರೆದೇ ಇದ್ದರೂ ಟ್ರ್ಯಾಕ್ಟರಿನಿಂದ ಗುದ್ದಿ ಕಿತ್ತರು. ಕಾವಲುಗಾರ ಬಡಿಗೆ ಎತ್ತಿದ. ಅದೇ ಬಡಿಗೆಯಿಂದ ಅವನ ಮೊಣಕಾಲು ಮುರಿದರು. ತೊಟ್ಟಿಯನ್ನು ಎತ್ತಿ ಮಗುಚಿದಾಗ ಸಾಲಾಗಿ ಮಲಗಿದ್ದ ಕಪ್ಪು ಸಿಲಿಂಡರುಗಳು ಕಂಡವು. ಆಮೇಲೆ ಪರಪ್ಪ ಬಾಳೇಶನನ್ನು ನೆಲಕ್ಕೆ ಕೆಡವಿ ಎದೆಯ ಮೇಲೆ ಮೊಣಕಾಲೂರಿ, ಬಾಯಿಗೂ ಮೂಗಿಗೂ ಅಂಗೈ ಒತ್ತಿದ.

“ಹೆಂಗ ಅನಸ್ತೈತಿ? ನಮ್ಮ ದೊಡ್ಡವ್ವಗ ಹಿಂಗ ಆಗಾಕತ್ತೈತಿ!”

ಬಾಳೇಶನ ಕಾಲುಗಳು ಮಣ್ಣನ್ನು ಒದೆಯುತ್ತಿದ್ದವು. ಪರಪ್ಪನ ಕೈಯನ್ನು ಕಿತ್ತು ಬಿಡಿಸಿದವನು ಮಾಯಪ್ಪ. ಆಗ ಮಹೇಶ ಅವನತ್ತ ತಿರುಗಿದ.

“ನಿನ್ನಿ ನೆಲಾ ನೋಡಿದೆಲ್ಲೋ ಮಗನ. ಈ ನೆಲದಾಗನ ಇತ್ತೇನ?”

ಅವನ ಮುಷ್ಟಿ ಮಾಯಪ್ಪನ ಒಡೆದ ತುಟಿಯ ಮೇಲೆಯೇ ಬಿದ್ದಿತು. ಮಾಯಪ್ಪ ಬಿದ್ದಲ್ಲಿಂದಲೇ ಕೂಗಿದ: “ಹೊಡಿ, ಆದ್ರ ಕೈ ತೊಳಕೋರಿ! ಎಣ್ಣಿ ಕೈ ಹಚ್ಚಬ್ಯಾಡ್ರಿ!” ಟ್ರ್ಯಾಕ್ಟರಿನ ಗದ್ದಲದಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಒಂದು ಸಿಲಿಂಡರ್ ಹೇರಿಕೊಂಡು ಅವರು ಕಲ್ಲೋಳಿಯತ್ತ ಹೋದರು. ಮಾಯಪ್ಪ ಎದ್ದು, ಸಾಬೂನಿನಿಂದ ಕೈ ತೊಳೆದು, ಶುಚಿಯಾದ ಪಾನಾ ಒಂದನ್ನು ಒಣಬಟ್ಟೆಯಲ್ಲಿ ಸುತ್ತಿಕೊಂಡು ಬೈಕ್ ಏರಿದ. ನಟ್ಟು ಬಿಗಿಯಲು ಆ ಪಾನಾ ಬೇಕೆಂದು ಅವನಿಗೆ ಗೊತ್ತಿತ್ತು. ಹಲ್ಲೆಗಾಗಿಯೇ ಆಯುಧ ಒಯ್ದನೆಂದು ಆಮೇಲೆ ದೋಷಾರೋಪದಲ್ಲಿ ಬರೆದರು! ಬಾಳೇಶನೂ ಉಸಿರು ತಿರುಗಿದ ಮೇಲೆ ತನ್ನ ಕಾರಿನಲ್ಲಿ ಹಿಂದೆಯೇ ಹೋದ.

ಕಲ್ಲೋಳಿಯ ಮನೆಯಲ್ಲಿ ನಡೆದದ್ದನ್ನು ಮಹೇಶನಿಂದಲೂ ಪರಪ್ಪನಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಇಬ್ಬರ ಮಾತೂ ಹೊಂದುತ್ತವೆ.

ಅಕ್ಕವ್ವ ಪಡಸಾಲೆಯ ಹೊರಸಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ತುಟಿ ನೀಲಿಗಟ್ಟಿತ್ತು, ಪ್ರತಿ ಉಸಿರಿಗೂ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ಹೊರಸಿನ ಪಕ್ಕದಲ್ಲೇ ಸಿಲಿಂಡರ್ ನಿಲ್ಲಿಸಿದ್ದರು. ರೆಗ್ಯುಲೇಟರಿನ ನಟ್ಟು ಸಿಲಿಂಡರಿನ ತಿರುಪಿಗೆ ಕೂಡುತ್ತಿರಲಿಲ್ಲ. ಟ್ರ್ಯಾಕ್ಟರ್ ನಡೆಸುವವನಿಗೆ ಬಿಗಿಯಾದ ನಟ್ಟಿಗೆ ತಿಳಿದಿರುವ ಮದ್ದು ಒಂದೇ. ಮಹೇಶ ಟ್ರ್ಯಾಕ್ಟರಿನ ಡಬ್ಬಿಯಿಂದ ಬೆರಳ ತುಂಬ ಗ್ರೀಸ್ ತೆಗೆದು ಸವರಿದ. ನಟ್ಟು ಬೆಣ್ಣೆಯಂತೆ ಒಳಗೆ ತಿರುಗಿತು. “ನಟ್ಟ ಕುಂತತು ನೋಡವ್ವಾ! ಈಗ ಗಾಳಿ ಬರ್ತೈತಿ,” ಎಂದು ಚಾವಿಗೆ ಕೈ ಹಾಕಿದ.

ಆ ಕ್ಷಣ ಮಾಯಪ್ಪ ಹೊಸ್ತಿಲಲ್ಲಿದ್ದ. ಹಳದಿ ಗ್ರೀಸ್ ನಟ್ಟಿನ ಸುತ್ತ ಹೊಳೆಯುತ್ತಿತ್ತು.

“ಮಾಯಾ ಬಂದ್ಯಾ,” ಎಂದಳು ಅಕ್ಕವ್ವ. ಅವಳ ಕಿವಿಗೆ ಹೆಜ್ಜೆಯ ಗುರುತಿತ್ತೋ ಏನೋ.

“ಬಿಡ ಮಹೇಶಾ! ತಿರವಬ್ಯಾಡ!”

ಮಹೇಶ ಕಿವಿಗೊಡಲಿಲ್ಲ. ಕೊಡುವುದಾದರೂ ಏಕೆ? ಅವನ ಪಾಲಿಗೆ ಬಾಗಿಲಲ್ಲಿ ನಿಂತವನು ಸಿಲಿಂಡರ್ ಬಚ್ಚಿಟ್ಟವನ ಆಳು. ಚಾವಿ ಅಲುಗಿತು. ಮಾಯಪ್ಪ ಬಟ್ಟೆ ಸಮೇತ ಪಾನಾವನ್ನು ಬೀಸಿ ಮಹೇಶನ ಮಣಿಕಟ್ಟಿನ ಮೇಲೆ ಹೊಡೆದ. ಎಲುಬು ಮುರಿದು ಚರ್ಮದ ಹೊರಗೆ ಇಣುಕಿತು.

ಮನೆ ತುಂಬ ಇದ್ದವರೆಲ್ಲ ಅವನ ಮೇಲೆ ಬಿದ್ದರು. ಒದ್ದರು, ಹೊರಸಿನ ಪಟ್ಟಿಯಿಂದ ಹೊಡೆದರು. ಪಕ್ಕೆಲುಬು ಮುರಿದವು. “ಗ್ರೀಸ್! ಗ್ರೀಸ್ ಐತಿ! ಸುಡ್ತೈತಿ!” ಎಂಬ ಅವನ ಕೂಗು ರಕ್ತದೊಂದಿಗೆ ಬಾಯಲ್ಲೇ ಕಲಸಿಹೋಯಿತು. ಪರಪ್ಪ ಒಳಕಲ್ಲಿನ ಗುಂಡನ್ನು ಹೊತ್ತು ತಂದು, ಮಾಯಪ್ಪನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಜಜ್ಜಿದ. ಬೆಂಕಿಯ ನಾಲಗೆಯನ್ನು ಕೂದಲೆಳೆಯಷ್ಟು ನೇರವಾಗಿ ನಡೆಸುತ್ತಿದ್ದ ಬೆರಳುಗಳು ಅವು.

ಆಗ ಬಾಳೇಶ ಅಂಗಳದಲ್ಲಿ ಕಾಣಿಸಿದ.

ಮಾಯಪ್ಪ ತಲೆಯೆತ್ತಿದ. “ಸಾವಕಾರ್ರ! ನನ್ನ ಮಾತ ಕೇಳವಲ್ರು. ನೀವರ ಹೇಳ್ರಿ! ಯಲ್ಲಾರಿಗೆ ಏನಾತು ಹೇಳ್ರಿ!”

ಎಲ್ಲರೂ ಬಾಳೇಶನ ಮುಖ ನೋಡಿದರು. ಹೊಡೆಯುತ್ತಿದ್ದ ಕೈಗಳೂ ನಿಂತವು. ಈ ಮಾತನ್ನು ಪರಪ್ಪ ನನಗೆ ಆಣೆ ಮಾಡಿ ಹೇಳಿದ್ದಾನೆ: “ಆತ ಒಂದ ಮಾತ ಹೂಂ ಅಂದಿದ್ರ ನಾ ಚಾವಿ ಮುಟ್ಟತಿರಲಿಲ್ಲ ಕಾಕಾ.”

ಬಾಳೇಶ ನಟ್ಟನ್ನು ನೋಡಿದ. ನೋಡಿದ್ದು ಖಚಿತ, ನೋಡಿದವನು ಹಿಂದಕ್ಕೆ ಸರಿದು ಬಾಗಿಲ ಚೌಕಟ್ಟಿನ ಮರೆಗೆ ನಿಂತ. ಅಲ್ಲಿಂದ ಹೇಳಿದ: “ನನಗೇನ ಗೊತ್ತಿಲ್ಲಪಾ. ಅಂವಾ ಕಳ್ಳ. ನನ್ನ ಮಾಲ ಕದ್ದ ತಂದಾನ.”

ಪರಪ್ಪ ಹೋಗಿ ಚಾವಿ ತಿರುವಿದ.

ಬಂದೂಕು ಸಿಡಿದಂತೆ ಸದ್ದಾಯಿತು. ರೆಗ್ಯುಲೇಟರ್ ಹರಿದು, ಬಿಳಿಯ ಬೆಂಕಿ ಗೋಡೆಯವರೆಗೆ ಚಿಮ್ಮಿತು. ಪರಪ್ಪನ ಬಲಗೆನ್ನೆ, ಕಿವಿ ಕ್ಷಣದಲ್ಲಿ ಸುಟ್ಟು ಜೋತುಬಿದ್ದವು. ಅಕ್ಕವ್ವನ ಕೌದಿ ಹೊತ್ತಿಕೊಂಡಿತು. ಆಮ್ಲಜನಕ ಹೊರಬರುತ್ತಿರುವವರೆಗೆ ಆ ಬೆಂಕಿ ಆರುವುದಿಲ್ಲ. ಎಲ್ಲರೂ ಹೊರಗೆ ಓಡಿದರು. ಬಾಳೇಶ ಎಲ್ಲರಿಗಿಂತ ಮುಂದೆ ಓಡಿದ. ಮಹೇಶನೊಬ್ಬ ಮುರಿದ ಕೈಯಲ್ಲೇ ತಾಯಿಯನ್ನು ಹೊರಸಿನಿಂದ ಎಳೆಯುತ್ತಿದ್ದ. ಮಾಯಪ್ಪ ತೆವಳಿಕೊಂಡು ಬೆಂಕಿಗೆ ಹೋಗಿ, ಎಡಗೈಯಿಂದ ಚಾವಿಯನ್ನು ಹಿಡಿದು ಮುಚ್ಚಿದ. ಮುಚ್ಚಿದ ಮೇಲೆ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಅಂಗೈಯ ಚರ್ಮ ಚಾವಿಗೆ ಅಂಟಿತ್ತು.

ಸಿಲಿಂಡರಿನಲ್ಲಿ ಆಮ್ಲಜನಕ ಇನ್ನೂ ಇತ್ತು. ಅದನ್ನು ಉಸಿರಿಗೆ ಮುಟ್ಟಿಸುವ ರೆಗ್ಯುಲೇಟರ್ ಕರಗಿ ಬಿದ್ದಿತ್ತು. ಇನ್ನೊಂದನ್ನು ತರಲು ಗೋಕಾಕಕ್ಕೆ ಹೋದವರು ಹಿಂದಿರುಗುವಷ್ಟರಲ್ಲಿ ಅಕ್ಕವ್ವ, ಅಂಗಳದ ಬೇವಿನ ಕೆಳಗೆ, ಮಗನ ತೊಡೆಯ ಮೇಲೆ ಉಸಿರು ನಿಲ್ಲಿಸಿದ್ದಳು. ಗ್ರೀಸನ್ನು ಸಾಬೂನುನೀರಿನಲ್ಲಿ ತೊಳೆದು ಒಣಗಿಸಿ ಹಾಕಿದ್ದರೆ ಅವಳು ಬದುಕುತ್ತಿದ್ದಳೇ? ನಾನು ವೈದ್ಯನಲ್ಲ, ಹೇಳಲಾರೆ. ಆದರೆ ಬದುಕುವ ಅವಕಾಶವೊಂದು ಆ ಪಡಸಾಲೆಯಲ್ಲಿ ಇತ್ತು. ಅದನ್ನು ಒಬ್ಬ ಮನುಷ್ಯ ತನ್ನ ಹಿತ್ತಲಿನ ಉಳಿದ ಸಿಲಿಂಡರುಗಳಿಗಾಗಿ ನುಂಗಿದ. ಗ್ರೀಸಿನ ವಿಷಯ ಗೊತ್ತೆಂದು ಒಪ್ಪಿದ್ದರೆ ಮಾಯಪ್ಪನ ಮಾತು ನಿಜವಾಗುತ್ತಿತ್ತು. ಆ ಮಾತು ನಿಜವಾದರೆ ಸಿಲಿಂಡರುಗಳನ್ನು ತೊಟ್ಟಿಯ ಕೆಳಗೆ ಬಚ್ಚಿಡಿಸಿದವರಾರು ಎಂಬುದರಲ್ಲೂ ಅವನನ್ನೇ ನಂಬಬೇಕಾಗುತ್ತಿತ್ತು.

ಬಾಳೇಶ ದೂರು ಕೊಟ್ಟ. ಆಸ್ಪತ್ರೆಗೆ ಒಪ್ಪಿಸಲೆಂದು ಜೋಪಾನವಾಗಿ ಇಟ್ಟಿದ್ದ ಸಿಲಿಂಡರುಗಳಲ್ಲಿ ಒಂದನ್ನು ಆಳು ಕದ್ದು ಕೊಡಿಸಿದನೆಂದು ಬರೆಸಿದ. ತೊಟ್ಟಿಯ ಕೆಳಗಿನದನ್ನು ಕಂಡಿದ್ದ ಮಹೇಶನ ಕಡೆಯವರ ಮೇಲೆ ಮಾತ್ರ ದೂರು ಬರೆಸಲಿಲ್ಲ. ಮಾಯಪ್ಪನ ಮೇಲೆ ಕಳವು ಮತ್ತು ಹಲ್ಲೆಯ ಮೊಕದ್ದಮೆ ನಡೆಯಿತು. ತನ್ನನ್ನು ಹೊಡೆದವರ ಮೇಲೆ ಮಾಯಪ್ಪ ದೂರು ಕೊಡಲೇ ಇಲ್ಲ. “ಅವ್ವ ಸಾಯಾಕತ್ತಾಗ ಯಾರರ ಹೊಡಿತಾರ್ರಿ,” ಎಂದ.

ವಿಚಾರಣೆಯ ದಿನಗಳಲ್ಲಿ ನಾನು ಗೋಕಾಕದ ಆ ಹಳೆಯ ಕಟ್ಟಡದಲ್ಲಿ, ಈ ಸಲ ಸಾರ್ವಜನಿಕರ ಬೆಂಚಿನ ಮೇಲೆ ಕುಳಿತೆ. ಬಾಳೇಶ ಸಾಕ್ಷಿಕಟ್ಟೆಯಲ್ಲಿ ಪ್ರಮಾಣ ಮಾಡಿ, ಗ್ರೀಸಿಗೂ ಆಮ್ಲಜನಕಕ್ಕೂ ಸಂಬಂಧವಿದೆಯೆಂದು ತನಗೆ ಆ ದಿನದವರೆಗೂ ತಿಳಿದಿರಲಿಲ್ಲ ಎಂದು ನುಡಿದ. ಮಾಯಪ್ಪನ ವಕೀಲರು ನನ್ನನ್ನು ಕರೆದಾಗ ನಾನು ಯಲ್ಲಾರಿಯ ವಿಷಯ ಹೇಳಿದೆ, ಮರಳು ಸುರಿದವರಾರೆಂದೂ ಹೇಳಿದೆ. ಈ ವಯಸ್ಸಿನಲ್ಲಿ ನೆನಪು ಕೈಕೊಡುವುದಿಲ್ಲವೇ ಎಂದು ಸರ್ಕಾರಿ ವಕೀಲರು ವಿನಯದಿಂದ ಕೇಳಿದರು. ನೆನಪು ಕೈಕೊಡಲೆಂದು ಎಷ್ಟೋ ವರ್ಷ ಪ್ರಾರ್ಥಿಸಿದ್ದೇನೆ, ಕೊಟ್ಟಿಲ್ಲ ಎಂದೆ.

ನನ್ನ ಸಾಕ್ಷ್ಯಕ್ಕಿಂತ ಮೊದಲೇ ಮೊಕದ್ದಮೆಯನ್ನು ಮುರಿದಿದ್ದವನು ಮಹೇಶ. ಗಾಯಾಳುವಾಗಿ ಸರ್ಕಾರದ ಪರ ಅವನನ್ನು ಕರೆದಿದ್ದರು.

“ನಿಮ್ಮ ಕೈ ಮುರಿದವರು ಈ ಆರೋಪಿಯೇ?”

“ಹೌದ್ರಿ. ಇಂವಾನ.”

“ಕೊಲ್ಲುವ ಉದ್ದೇಶದಿಂದ ಹೊಡೆದನೇ?”

ಮಹೇಶ ಸೊಟ್ಟಗೆ ಕೂಡಿದ ಮಣಿಕಟ್ಟನ್ನು ಎತ್ತಿ ತೋರಿಸಿದ. ಮಾಯಪ್ಪ ಆರೋಪಿಯ ಕಟ್ಟೆಯಲ್ಲಿ, ಕೈಗಳೆನ್ನಬಹುದಾದ ಎರಡು ಮಾಂಸದ ಮುದ್ದೆಗಳನ್ನು ಮುಂದೆ ಇಟ್ಟುಕೊಂಡು ನಿಂತಿದ್ದ.

“ಇಲ್ರಿ ಸಾಹೇಬ್ರ. ಇಂವಾ ನನ್ನ ಕೈ ಅಷ್ಟ ಮುರದ. ಪರಪ್ಪಂದೂ ಮುರದಿದ್ರ ನಮ್ಮವ್ವ ಆವತ್ತ ಹೋಗ್ತಿರಲಿಲ್ಲ.”

ಸಾಕ್ಷಿ ಪ್ರತಿಕೂಲನಾದನೆಂದು ಘೋಷಿಸಿದರು. ಮಹೇಶ ಕಟ್ಟೆಯಿಂದಿಳಿದು ಮಾಯಪ್ಪನ ಮುಂದೆ ಹಾಯುವಾಗ ನಿಂತ. “ಹಲ್ಲಿಂದು ತೀರಿಸಿದಿ ನೋಡಲೇ,” ಎಂದ. ಇಬ್ಬರೂ ನಗಲಿಲ್ಲ.

ಮಾಯಪ್ಪ ಖುಲಾಸೆಯಾದ. ಈಗ ನಾಗನೂರಿನಲ್ಲಿ ಅಣ್ಣನ ಕುರಿ ಕಾಯುತ್ತಾನೆ. ಕೋಲನ್ನು ಕಂಕುಳಲ್ಲಿ ಇರುಕಿಕೊಳ್ಳುತ್ತಾನೆ. ರೊಟ್ಟಿಯನ್ನು ಸುವರ್ಣಾ ಮುರಿದು ಬಾಯಿಗಿಡುತ್ತಾಳೆ. ಸುಗ್ಗಿಯ ನಂತರ ಹಿಂಡು ಕಲ್ಲೋಳಿಯ ಅದೇ ಹೊಲದಲ್ಲಿ ತಂಗುತ್ತದೆ. ಬಾಳೇಶನ ಕಾರ್ಖಾನೆ ಮೊದಲಿಗಿಂತ ದೊಡ್ಡದಾಗಿದೆ. ಸಂಕಟಕಾಲದಲ್ಲಿ ದಾಸ್ತಾನು ನಿರ್ವಹಿಸಿದ ಜಾಣ ಉದ್ಯಮಿಯೆಂದು ಅವನಿಗೆ ಸಭೆಯೊಂದರಲ್ಲಿ ಶಾಲು ಹೊದಿಸಿದರು.

ತೀರ್ಪು ಬಂದ ವರ್ಷದ ಖಂಡೇಪೂಜೆಗೆ ಬಾಳೇಶ ನೆರೆಯವನೆಂಬ ರೂಢಿಯಂತೆ ನನ್ನನ್ನೂ ಕರೆದ. ನಾನು ಹೋದೆ. ನೋಡಬೇಕಾದದ್ದೊಂದು ಇತ್ತು. ಯಂತ್ರಗಳಿಗೆಲ್ಲ ಎಣ್ಣೆ ಸವರಿ ಕುಂಕುಮವಿಟ್ಟರು. ಹೊಸ ಕೆಲಸಗಾರನೊಬ್ಬ ಅದೇ ಬಟ್ಟಲನ್ನು ಹಿಡಿದು ಸಿಲಿಂಡರುಗಳತ್ತ ಹೆಜ್ಜೆಯಿಟ್ಟ.

“ಏ! ಮುಟ್ಟಬ್ಯಾಡ!” ಎಂದು ಬಾಳೇಶ ಚೀರಿ, ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

ಕೂಡಿದವರೆಲ್ಲ ಅವನತ್ತ ತಿರುಗಿದರು. ಬಾಳೇಶ ಸುತ್ತಲೂ ನೋಡಿದ. ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು. ನಾನು ಕಣ್ಣು ತೆಗೆಯಲಿಲ್ಲ. ಅವನು ನಳದ ಹತ್ತಿರ ಹೋದ. ಸಾಬೂನು ಹಚ್ಚಿ ಕೈಗಳನ್ನು ಮೊಣಕೈಯವರೆಗೆ ತಿಕ್ಕಿ ತೊಳೆದ. ಒಣಬಟ್ಟೆಯಿಂದ ಬೆರಳುಬೆರಳನ್ನೂ ಒರೆಸಿಕೊಂಡು ಬಂದು, ತಲೆ ಬಗ್ಗಿಸಿ, ಸಿಲಿಂಡರಿಗೆ ವಿಭೂತಿ ಹಚ್ಚಿದ.